ಮತ, ದರ್ಶನ ಮತ್ತು ನಮ್ಮ ನಡತೆ: ಬೆಂಗಳೂರು ದಂಡಿನಿಂದ ಒಂದು ಸಮೀಕ್ಷೆ

ಭಾರತೀಯರ ಸ್ವಭಾವವನ್ನು ರೂಪಿಸಿದ್ದು ಪ್ರಾಚೀನ ಮತಗಳೂ ದರ್ಶನಗಳೂ ಎಂಬ ಮಾತನ್ನು ಎರಡು ಶತಮಾನಗಳಿಂದ ಕೇಳುತ್ತಾ ಬಂದಿದ್ದೇವೆ. ನಮ್ಮನ್ನು ಹೊಗಳುವವರೂ ತೆಗಳುವವರೂ ಈ ಒಂದು ಮಾತನ್ನು ಒಪ್ಪಿಕೊಂಡೇ ವಾದಕ್ಕೆ ನಿಲ್ಲುತ್ತಾರೆ. ಪರಮತ ಸಹನೆ ಉಪನಿಷತ್ತುಗಳಿಂದ ಬಂತು ಎನ್ನುವವರಿದ್ದಾರೆ. ಅಸ್ಪೃಶ್ಯತೆ ಧರ್ಮಶಾಸ್ತ್ರಗಳಿಂದ ಬಂತು ಎನ್ನುವವರಿದ್ದಾರೆ. ಕರ್ಮಸಿದ್ಧಾಂತ ಜನರ ಉತ್ಸಾಹವನ್ನು ಉಡುಗಿಸಿತು ಎಂದು ಕೆಲವರು ಹೇಳಿದರೆ, ಬರಗಾಲದಲ್ಲೂ ಸಾವುನೋವಿನಲ್ಲೂ ಅವರು ಎದೆಗುಂದದಂತೆ ಕಾಯ್ದದ್ದು ಅದೇ ಸಿದ್ಧಾಂತ ಎಂದು ಇನ್ನು ಕೆಲವರು ಹೇಳುತ್ತಾರೆ. ಒಂದೇ ಮೂಲದಿಂದ ಇಷ್ಟು ವಿರುದ್ಧವಾದ ಫಲಗಳು ಹುಟ್ಟುವುದಾದರೆ ಆ ಮೂಲದ ಬಗ್ಗೆ ಇನ್ನೂ ಖಚಿತವಾಗಿ ಮಾತಾಡಬೇಕು. ಯಾವ ವಿಚಾರ, ಯಾವ ಸಂಸ್ಥೆಯ ಮೂಲಕ, ಯಾವ ಕಾಲದಲ್ಲಿ, ಯಾರ ಬದುಕನ್ನು ತಿದ್ದಿತು ಎಂದು ಕೇಳಬೇಕು.

ಇಡೀ ದೇಶವನ್ನು ಮುಂದಿಟ್ಟುಕೊಂಡರೆ ಈ ಪ್ರಶ್ನೆಗೆ ಸಿಗುವ ಉತ್ತರ ಯಾವಾಗಲೂ ಮಸುಕು. ಆದ್ದರಿಂದ ಈ ಲೇಖನ ಅದನ್ನು ಒಂದು ಸೀಮೆಯ ಮೇಲೆ ಇಟ್ಟು ನೋಡುತ್ತದೆ: ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕಿರುವ ಹಲಸೂರು, ದೊಮ್ಮಲೂರು, ಇಂದಿರಾನಗರ, ಕೃಷ್ಣರಾಜಪುರದ ಬದಿ. 1809ರಲ್ಲಿ ಬ್ರಿಟಿಷ್ ಸೇನೆ ಇಲ್ಲಿ ನೆಲೆಯೂರಿದಾಗ ಅದರ ಬೆನ್ನಿಗೆ ತಮಿಳು, ತೆಲುಗು, ದಖನಿ ಉರ್ದು ಮಾತಾಡುವ ಸಿಪಾಯಿಗಳು, ಕೂಲಿಗಳು, ವರ್ತಕರು, ಗುತ್ತಿಗೆದಾರರು ಬಂದರು. ಹುಟ್ಟಿದೂರಿನ ಗುಡಿ, ಚಾವಡಿ, ಕುಲದ ಹಿರಿಯರನ್ನೆಲ್ಲ ಬಿಟ್ಟು ಬಂದ ಜನ ಇವರು. ಎರಡು ಸಾವಿರ ವರ್ಷದ ಪರಂಪರೆಯಿಂದ ಅವರು ಏನನ್ನು ಹೊತ್ತು ತಂದರು, ಏನನ್ನು ಹೊಸದಾಗಿ ಕಟ್ಟಿಕೊಂಡರು ಎಂಬುದು ಇಲ್ಲಿ ಹಳೆಯ ಊರುಗಳಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ನನ್ನ ವಾದ ಇಷ್ಟು: ಪ್ರಾಚೀನ ವಿಚಾರಗಳು ನೇರವಾಗಿ ಯಾರ ಸ್ವಭಾವವನ್ನೂ ರೂಪಿಸಿಲ್ಲ. ಗುಡಿ, ಕೆರೆ, ದತ್ತಿ, ಮೆರವಣಿಗೆ, ಜಾತಿ ಎಂಬ ಸಂಸ್ಥೆಗಳ ಒಳಗೆ ಸೇರಿಕೊಂಡಾಗ ಮಾತ್ರ ಅವು ಜನರ ನಡತೆಯನ್ನು ತಿದ್ದಿವೆ. ಆ ಸಂಸ್ಥೆಗಳನ್ನು ಯಾರು ನಡೆಸಿದರು, ಯಾರನ್ನು ಹೊರಗಿಟ್ಟರು ಎಂಬುದರ ಮೇಲೆ ಫಲ ಬೇರೆಬೇರೆಯಾಗಿದೆ.

ಸಿದ್ಧಾಂತಕ್ಕೂ ಮೊದಲಿನ ಸಾಕ್ಷ್ಯ

ಈ ಚರ್ಚೆ ಶುರುವಾಗುವುದಕ್ಕೆ ನೂರಾರು ವರ್ಷ ಮೊದಲೇ ಇಲ್ಲಿಯ ಕಲ್ಲುಗಳ ಮೇಲೆ ಒಂದಷ್ಟು ಸಾಕ್ಷ್ಯ ಬಿದ್ದಿದೆ. ದಂಡಿನ ಉತ್ತರಕ್ಕಿರುವ ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಸಿಕ್ಕಿದೆ, ಎಂಟನೆಯ ಶತಮಾನದ್ದು. ಊರನ್ನು ಉಳಿಸಲು, ದನಗಳನ್ನು ಬಿಡಿಸಲು ಹೋರಾಡಿ ಸತ್ತವನಿಗೆ ಸ್ವರ್ಗ ಕಾದಿದೆ ಎಂಬ ನಂಬಿಕೆ ವೀರಗಲ್ಲುಗಳ ಹಿಂದೆ ಇದೆ. ಕೃಷ್ಣರಾಜಪುರದ ಆಚೆ ಕಾಡುಗೋಡಿಯಲ್ಲಿ ಚೋಳರ ಕಾಲದ 1043ರ ಶಾಸನವಿದೆ. ಪಟ್ಟಂದೂರು ಕೆರೆಯನ್ನು ಕಟ್ಟಿಸಿ, ತೂಬು ಇಡಿಸಿ, ದೇವರುಗಳನ್ನು ಪ್ರತಿಷ್ಠೆ ಮಾಡಿದ್ದನ್ನು ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಇಂದಿರಾನಗರದ ಮಗ್ಗುಲಿನ ದೊಮ್ಮಲೂರಿನಲ್ಲಿ ಚೊಕ್ಕನಾಥಸ್ವಾಮಿ ಗುಡಿಗೆ ಕೊಟ್ಟ ದಾನಗಳನ್ನು ಹದಿಮೂರನೆಯ ಶತಮಾನದ ತಮಿಳು ಶಾಸನಗಳು ದಾಖಲಿಸಿವೆ. ಕಾಡುಗೋಡಿ, ದೊಮ್ಮಲೂರುಗಳ ಶಾಸನಗಳನ್ನು ಓದಿ ಪ್ರಕಟಿಸಿದವರು ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್, ಬೆಂಗಳೂರು ಜಿಲ್ಲೆಯ ಶಾಸನಗಳು ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಸೇರಿವೆ.

ಈ ಶಾಸನಗಳಲ್ಲಿ ಅದ್ವೈತ, ವಿಶಿಷ್ಟಾದ್ವೈತಗಳ ಚರ್ಚೆ ಇಲ್ಲ. ಇರುವುದು ಪುಣ್ಯದ ಲೆಕ್ಕ: ಕೆರೆ ಕಟ್ಟಿದರೆ ಪುಣ್ಯ, ದತ್ತಿಯನ್ನು ಕೆಡಿಸಿದವನಿಗೆ ಪಾಪ. ಅದರಿಂದ ನೀರಾವರಿ ನಡೆಯಿತು, ಬೆಳೆ ಬಂತು, ಗುಡಿಗೆ ಆದಾಯ ಬಂತು. ಕರ್ಮಸಿದ್ಧಾಂತ ಜನರನ್ನು ಕೈಕಟ್ಟಿ ಕೂರಿಸಿತು ಎನ್ನುವವರು ಮೊದಲು ಉತ್ತರ ಹೇಳಬೇಕಾದದ್ದು ಈ ಕೆರೆಗಳಿಗೆ. ಹಾಗೆಂದು ಈ ಸಾಕ್ಷ್ಯ ಒಂದೇ ಕಡೆಗೆ ವಾಲುವುದೂ ಇಲ್ಲ. ಹಲಸೂರಿನ ಸೋಮೇಶ್ವರ ದೇವಾಲಯದಲ್ಲಿ ಗಿರಿಜಾಕಲ್ಯಾಣ, ಕೈಲಾಸವನ್ನೆತ್ತುವ ರಾವಣ, ಮಹಿಷಮರ್ದಿನಿಯರ ಜೊತೆಗೆ ಶಿವಭಕ್ತ ನಾಯನ್ಮಾರರ ಉಬ್ಬುಶಿಲ್ಪಗಳೂ ಇವೆ. ಆ ಅರವತ್ತಮೂವರ ಸಾಲಿನಲ್ಲಿ ಬೇಡ ಕಣ್ಣಪ್ಪನೂ ಇದ್ದಾನೆ, ಅಸ್ಪೃಶ್ಯನೆನಿಸಿಕೊಂಡ ನಂದನಾರನೂ ಇದ್ದಾನೆ. ಭಕ್ತಿಗೆ ಕುಲವಿಲ್ಲ ಎಂದು ಹೇಳುವ ಕಥೆಗಳಿಗೆ ಗೋಡೆಯ ಮೇಲೆ ಸ್ಥಳ ಸಿಕ್ಕಿತು. ನಂದನಾರನ ಕುಲದವರಿಗೆ ನಾಡಿನ ದೇವಾಲಯಗಳ ಬಾಗಿಲು ತೆರೆಯಲು ಮಾತ್ರ ಇಪ್ಪತ್ತನೆಯ ಶತಮಾನದ ಕಾನೂನೇ ಬೇಕಾಯಿತು. ವಿಚಾರ ಇದ್ದ ಮಾತ್ರಕ್ಕೆ ನಡತೆ ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಪಾದ್ರಿಯ ಹಸ್ತಪ್ರತಿ: ಮತವೇ ಸ್ವಭಾವ ಎಂಬ ವಾದ

ಹಿಂದೂಗಳ ಸ್ವಭಾವ ಎಂಬುದೊಂದು ಇದೆ, ಅದಕ್ಕೆ ಅವರ ಮತವೇ ಕಾರಣ ಎಂದು ಯುರೋಪನ್ನು ಒಪ್ಪಿಸಿದ ಗ್ರಂಥಗಳಲ್ಲಿ ಒಂದು ಮೈಸೂರು ಸೀಮೆಯಲ್ಲೇ ಸಿದ್ಧವಾಯಿತು. ಅದನ್ನು ಕೊಟ್ಟವನು ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ. 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ನಡುವೆ ನೆಲೆಸಿದವನು. ಹಿಂದೂಗಳ ಆಚಾರ ವಿಚಾರಗಳ ಕುರಿತ ಅವನ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2000 ವರಹ ಕೊಟ್ಟು ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಎರಡು ವರ್ಷದ ನಂತರ, 1818ರಲ್ಲಿ, ಈಗಿನ ಶಿವಾಜಿನಗರದಲ್ಲಿ ಅವನು ಒಂದು ಸಣ್ಣ ಪ್ರಾರ್ಥನಾಲಯ ಕಟ್ಟಿಸಿದ. ಅದೇ ಜಾಗದಲ್ಲಿ 1882ರಲ್ಲಿ ಎದ್ದು ನಿಂತದ್ದು ಸೇಂಟ್ ಮೇರಿ ಚರ್ಚು, ಇಂದಿನ ಬೆಸಿಲಿಕಾ.

ಹಿಂದೂಗಳ ಸಂಪ್ರದಾಯ ಬದಲಾಗದ ವಸ್ತು, ಅದು ಅವರ ಮೈಮನಸ್ಸುಗಳಲ್ಲಿ ಬೇರೂರಿದೆ ಎಂದು ದುಬ್ವಾ ನಂಬಿದ್ದ. ದೇಶಕ್ಕೆ ಮರಳಿ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿಸುವ ಆಸೆಯನ್ನೇ ಅವನು ಕೈಬಿಟ್ಟ. ಈ ಪಂಥಕ್ಕೆ ಒಂದು ಗುಣವಿದೆ: ಅದು ದಿನಚರಿಯನ್ನು ಗಮನಿಸಿತು. ಊಟ, ಮಡಿ, ಮದುವೆ, ಸೂತಕ, ಜಾತಿಪಂಚಾಯಿತಿಗಳ ನಿಯಮವನ್ನು ಅಷ್ಟು ವಿವರವಾಗಿ ಬರೆದಿಟ್ಟವರು ಆಗ ಕಡಿಮೆ. ಅದರ ದೋಷಗಳು ಅದಕ್ಕಿಂತ ದೊಡ್ಡವು. ಈ ಕೃತಿಯ ಬಹುಪಾಲು ಹದಿನೆಂಟನೆಯ ಶತಮಾನದ ಜೆಸ್ವಿಟ್ ಪಾದ್ರಿ ಕೋರ್ದೂ ಬರೆದದ್ದರಿಂದ ಬಂದದ್ದು ಎಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಹಾಗಾಗಿ ಕಣ್ಣಾರೆ ಕಂಡ ಮೈಸೂರು ಎಂದು ನಾವು ಓದುತ್ತಿದ್ದ ಎಷ್ಟೋ ಪುಟಗಳು ಬೇರೆ ಸೀಮೆಯವು, ಬೇರೆ ತಲೆಮಾರಿನವು. ಇನ್ನೂ ಮುಖ್ಯವಾದ ವಿರೋಧ ದುಬ್ವಾನ ಬದುಕಿನಲ್ಲೇ ಇದೆ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಅವನು ಶ್ರಮಿಸಿದ. ಸಾವಿರಾರು ಜನ ತೋಳು ಒಡ್ಡಿದರು. ಬದಲಾಗದವರೆಂದು ಅವನು ಬರೆದ ಜನ, ಬದುಕು ಉಳಿಯುವ ದಾರಿ ಕಂಡಾಗ ಬದಲಾಗಿದ್ದರು.

ವೇದಾಂತದ ಮರುತ್ತರ

ಈ ಚಿತ್ರಕ್ಕೆ ಬಂದ ಮೊದಲ ದೊಡ್ಡ ಮರುತ್ತರ ವೇದಾಂತದ್ದು. 1892ರಲ್ಲಿ ವಿವೇಕಾನಂದರು ಬೆಂಗಳೂರಿಗೆ ಬಂದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಮೂಲಕ ಮೈಸೂರಿನ ಮಹಾರಾಜರನ್ನು ಕಂಡರು. ಮರುವರ್ಷ ಷಿಕಾಗೋದಲ್ಲಿ ಮಾತಾಡಿದರು. ಅವರ ಹೆಸರಿನ ಹಲಸೂರಿನ ರಸ್ತೆಯಲ್ಲಿ ರಾಮಕೃಷ್ಣ ಮಠ ಇಂದಿಗೂ ನಡೆಯುತ್ತಿದೆ. 1918ರಿಂದ 1921ರವರೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ರಾಧಾಕೃಷ್ಣನ್, ಅಲ್ಲೇ ಅಧ್ಯಾಪಕರಾಗಿದ್ದು 1932ರಲ್ಲಿ ಭಾರತೀಯ ದರ್ಶನಗಳ ರೂಪರೇಖೆಯನ್ನು ಪ್ರಕಟಿಸಿದ ಎಂ. ಹಿರಿಯಣ್ಣ ಈ ವಿಚಾರಕ್ಕೆ ಶಾಸ್ತ್ರೀಯ ಬಲ ಕೊಟ್ಟರು. ನಮ್ಮ ದರ್ಶನಗಳು ಬರಿಯ ತರ್ಕವಲ್ಲ, ಬದುಕುವ ಕ್ರಮ. ಸತ್ಯ ಒಂದೇ, ದಾರಿ ಹಲವು ಎಂಬ ತಿಳಿವಳಿಕೆ ಜನರನ್ನು ಪರಮತ ಸಹಿಷ್ಣುಗಳನ್ನಾಗಿಸಿದೆ ಎಂಬುದು ಈ ಪಂಥದ ತಿರುಳು.

ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಬೆಂಗಳೂರು ಕರಗ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದಲ್ಲಿ ನಿಂತು ಹೋಗುತ್ತದೆ. ಶಿವಾಜಿನಗರದ ಮೇರಿ ಮಾತೆಯ ಹಬ್ಬಕ್ಕೆ ಹಿಂದೂಗಳೂ ಮುಸ್ಲಿಮರೂ ಹರಕೆ ತೀರಿಸಲು ಬರುತ್ತಾರೆ. ಪರರ ದೇವರಿಗೆ ಕೈಮುಗಿದರೆ ತನ್ನ ದೇವರಿಗೆ ದ್ರೋಹವಾಗದು ಎಂಬ ಭಾವ ಇಲ್ಲಿ ನಿಜವಾಗಿಯೂ ಇದೆ. ಆದರೆ ಕರಗ ಹೊರುವ ತಿಗಳರಾಗಲಿ, ಮೇರಿಗೆ ಮೇಣದ ಬತ್ತಿ ಹಚ್ಚುವ ಹೂವಾಡಗಿತ್ತಿಯಾಗಲಿ ಇದನ್ನು ಉಪನಿಷತ್ತಿನಿಂದ ಕಲಿತರು ಎನ್ನಲು ಆಧಾರವಿಲ್ಲ. ರೋಗ, ಬಸಿರು, ಬಡತನಗಳೆದುರು ದೈವಶಕ್ತಿಯನ್ನು ಸಿಕ್ಕಲ್ಲಿ ಹುಡುಕುವ ಕ್ರಮ ಅದು. ಅನುಭಾವಿ ಸಂತರ ದರ್ಶನ ಮತ್ತು ಜನರ ಈ ರೂಢಿ ಒಂದನ್ನೊಂದು ಪೋಷಿಸಿರಬಹುದು. ಒಂದರಿಂದಲೇ ಇನ್ನೊಂದು ಹುಟ್ಟಿತು ಎಂದು ತೋರಿಸುವ ಹೊಣೆ ಈ ಪಂಥದ ಮೇಲಿದೆ. ಅದು ಆ ಹೊಣೆಯನ್ನು ಪೂರ್ತಿ ಹೊತ್ತಿಲ್ಲ.

ಸಮಾಜಶಾಸ್ತ್ರದ ದಾರಿ

ಮ್ಯಾಕ್ಸ್ ವೆಬರ್ 1916–17ರಲ್ಲಿ ಭಾರತದ ಮತಗಳ ಕುರಿತು ಬರೆದಾಗ ಪ್ರಶ್ನೆ ಹೊಸ ರೂಪ ತಾಳಿತು. ಜಾತಿ ಮತ್ತು ಕರ್ಮಸಿದ್ಧಾಂತಗಳ ಬೆಸುಗೆ ಇಲ್ಲಿ ಆಧುನಿಕ ಬಂಡವಾಳಶಾಹಿ ತಾನಾಗಿ ಹುಟ್ಟದಂತೆ ತಡೆಯಿತು ಎಂಬುದು ಅವರ ನಿಲುವು. ವಿಚಾರಕ್ಕೂ ಆರ್ಥಿಕ ನಡತೆಗೂ ಸಂಬಂಧ ಹುಡುಕಿದ್ದು ಅವರ ಹಿರಿಮೆ. ಆದರೆ ದಂಡಿನ ಇತಿಹಾಸ ಅವರ ತೀರ್ಮಾನಕ್ಕೆ ಒಗ್ಗುವುದಿಲ್ಲ. ಗುತ್ತಿಗೆ, ವ್ಯಾಪಾರಗಳಿಂದ ಮೇಲೆ ಬಂದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ದುಡಿದದ್ದನ್ನು ಧರ್ಮಕಾರ್ಯಕ್ಕೆ ತೊಡಗಿಸಿದರು. 1873ರಲ್ಲಿ ಶುರುವಾದ ಅವರ ಶಿಕ್ಷಣ ದತ್ತಿ ಆರ್‌ಬಿಎಎನ್‌ಎಂ ಹೆಸರಿನಲ್ಲಿ ಇನ್ನೂ ಶಾಲೆಗಳನ್ನು ನಡೆಸುತ್ತಿದೆ. ಕಛೀ ಮೇಮನ್ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಠ್ ಶಿವಾಜಿನಗರದಲ್ಲಿ ಹೆಂಗಸರಿಗಾಗಿ ಕಟ್ಟಿಸಿದ ಗೋಷಾ ಆಸ್ಪತ್ರೆಯೂ ಹಾಗೆಯೇ ಉಳಿದಿದೆ. ಪುನರ್ಜನ್ಮ ನಂಬುವವರೂ ನಂಬದವರೂ ಒಂದೇ ಊರಿನಲ್ಲಿ, ಒಂದೇ ಬಗೆಯಲ್ಲಿ ಗಳಿಸಿದರು, ಒಂದೇ ಬಗೆಯಲ್ಲಿ ಕೊಟ್ಟರು. ಕೊಡುಗೈಯಿಂದ ಮನೆತನಕ್ಕೆ ಮರ್ಯಾದೆ ಬರುವ ಸಮಾಜವ್ಯವಸ್ಥೆ ಇಲ್ಲಿ ಸಿದ್ಧಾಂತಕ್ಕಿಂತ ಬಲವಾಗಿ ಕೆಲಸ ಮಾಡಿದೆ.

ಮೈಸೂರಿನ ಎಂ. ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಕುರಿತ ಕೃತಿಯಲ್ಲಿ ಸಂಸ್ಕೃತೀಕರಣದ ವಿಚಾರವನ್ನು ಮುಂದಿಟ್ಟರು. ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅಳವಡಿಸಿಕೊಂಡು ಮೇಲೇರಲು ಯತ್ನಿಸುತ್ತವೆ. ಹೀಗೆ ಪ್ರಾಚೀನ ಆದರ್ಶಗಳು ಹರಡುತ್ತವೆ. ತಿಗಳರು ತಮ್ಮನ್ನು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಂಡು ಅಗ್ನಿಯಲ್ಲಿ ಹುಟ್ಟಿದ ದ್ರೌಪದಿಯೊಂದಿಗೆ ನಂಟು ಬೆಸೆದದ್ದನ್ನು ಇದು ಚೆನ್ನಾಗಿ ವಿವರಿಸುತ್ತದೆ. ದರ್ಗಾದ ಎದುರು ಕರಗ ನಿಲ್ಲುವುದನ್ನು ವಿವರಿಸುವುದಿಲ್ಲ. ಫ್ರಾನ್ಸಿನ ಲೂಯಿ ದ್ಯುಮೋಂ 1966ರಲ್ಲಿ ಮಡಿ–ಮೈಲಿಗೆಯ ಏಣಿಯೇ ಭಾರತೀಯ ಸಮಾಜದ ತಾತ್ವಿಕ ತಳಹದಿ ಎಂದರು. ಅವರ ಚಿತ್ರಣದಲ್ಲಿ ಏಣಿಯ ಕೆಳಮೆಟ್ಟಿಲಿನಲ್ಲಿ ನಿಂತವನು ಆ ಏಣಿಯನ್ನು ಒಪ್ಪಿಕೊಂಡಂತೆ ಕಾಣುತ್ತಾನೆ. ಅವನು ಒಪ್ಪಿಕೊಂಡಿರಲಿಲ್ಲ ಎನ್ನುವ ಸಾಕ್ಷಿ ದಂಡಿನಲ್ಲೇ ಇದೆ.

ಕೆಳಗಿನಿಂದ ಎದ್ದ ಪ್ರಶ್ನೆ

1898ರಲ್ಲಿ ಮದರಾಸಿನ ಅಯೋತಿದಾಸ ಪಂಡಿತರು ಬೌದ್ಧ ಧರ್ಮ ಸ್ವೀಕರಿಸಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಶಾಖೆಗಳು ಬೆಂಗಳೂರಿನಲ್ಲೂ ಕೋಲಾರದ ಚಿನ್ನದ ಗಣಿಯಲ್ಲೂ ತೆರೆದವು. ದಂಡಿನ ಮತ್ತು ಗಣಿಯ ದುಡಿಮೆಗೆ ಬಂದ ತಮಿಳು ದಲಿತರಿಗೆ ಅವರ ಇತಿಹಾಸದ ಓದು ಬೇರೆಯೇ ಆದ ಪೂರ್ವಜರನ್ನು ಕೊಟ್ಟಿತು: ನಾವು ಮೂಲದಲ್ಲಿ ಬೌದ್ಧರು, ಬೌದ್ಧ ಧರ್ಮ ಸೋತ ಮೇಲೆ ನಮ್ಮನ್ನು ಅಸ್ಪೃಶ್ಯರನ್ನಾಗಿಸಿದರು. ಅಂಬೇಡ್ಕರ್ 1948ರ ತಮ್ಮ ಗ್ರಂಥದಲ್ಲಿ ಅಸ್ಪೃಶ್ಯತೆಯ ಮೂಲ ಕುರಿತು ಇದಕ್ಕೆ ಹತ್ತಿರದ ವಾದ ಮಂಡಿಸಿದರು. 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು. ಹನ್ನೆರಡನೆಯ ಶತಮಾನದ ಶರಣ ಚಳವಳಿಯನ್ನೂ ಈ ಸಾಲಿನಲ್ಲಿಟ್ಟು ನೋಡುವವರು ಕನ್ನಡದಲ್ಲಿ ಅನೇಕರಿದ್ದಾರೆ.

ಈ ಪಂಥದ ಹೇಳಿಕೆ ಸರಳ, ಕಠಿಣ: ಪ್ರಾಚೀನ ಭಾರತದ ಮತ ಒಂದೇ ಆಗಿರಲಿಲ್ಲ. ಸಮಾನತೆಯ ದರ್ಶನಕ್ಕೂ ಶ್ರೇಣಿಯ ದರ್ಶನಕ್ಕೂ ಸಾವಿರಾರು ವರ್ಷ ಹೋರಾಟ ನಡೆದಿದೆ. ಇಂದು ನಾವು ಸಂಸ್ಕೃತಿ ಎನ್ನುತ್ತಿರುವುದು ಗೆದ್ದವರ ಪಾಲು. ಅಸ್ಪೃಶ್ಯರೆಲ್ಲ ಮೂಲದಲ್ಲಿ ಬೌದ್ಧರೇ ಎಂಬುದನ್ನು ಚರಿತ್ರಕಾರರು ಪ್ರಶ್ನಿಸಿದ್ದಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ಈ ಪಂಥ ಇತರರು ಕೇಳದೆ ಬಿಟ್ಟದ್ದನ್ನು ಕೇಳಿತು: ಭಾರತೀಯ ಸ್ವಭಾವ ಎನ್ನುವಾಗ ಯಾರ ಸ್ವಭಾವವನ್ನು ಎಣಿಸುತ್ತಿದ್ದೀರಿ? ಸಹನೆ ಉಣ್ಣುವವನ ಗುಣವಾಗಿ ಕಂಡರೆ, ಹಸಿದವನಿಗೆ ಅದು ಹೇರಿದ ಮೌನವಾಗಿರಬಹುದು.

ಪ್ರಶ್ನೆಯನ್ನೇ ಪ್ರಶ್ನಿಸಿದವರು

ಕಳೆದ ಶತಮಾನದ ಕೊನೆಯಲ್ಲಿ ಇಬ್ಬರು ಕನ್ನಡ ನಾಡಿನ ಚಿಂತಕರು ಚರ್ಚೆಯ ಬುನಾದಿಯನ್ನೇ ಅಲುಗಿಸಿದರು. ಎ. ಕೆ. ರಾಮಾನುಜನ್ 1989ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಭಾರತೀಯವಾದ ಆಲೋಚನಾ ಕ್ರಮವೊಂದು ಇದೆಯೇ ಎಂದು ಕೇಳಿ, ಸಂದರ್ಭಕ್ಕೆ ತಕ್ಕಂತೆ ನಿಯಮ ಬದಲಾಗುವುದು ಇಲ್ಲಿಯ ಒಲವು ಎಂದು ಸೂಚಿಸಿದರು. ಕಾಲ, ದೇಶ, ಆಶ್ರಮ, ಸಂಬಂಧಗಳಿಗೆ ತಕ್ಕಂತೆ ಕರ್ತವ್ಯ ಬೇರೆಯಾಗುತ್ತದೆ. ಎಲ್ಲರಿಗೂ ಒಂದೇ ಎನ್ನುವ ನಿಯಮ ಅಪರೂಪ. ಭಕ್ತಿ ಚಳವಳಿಗಳು ಈ ಒಲವಿನ ವಿರುದ್ಧ ಎದ್ದವು ಎಂದೂ ಅವರು ಗುರುತಿಸಿದರು. ಬೆಂಗಳೂರಿನವರಾಗಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಎಸ್. ಎನ್. ಬಾಲಗಂಗಾಧರ 1994ರ ಗ್ರಂಥದಲ್ಲಿ ಇನ್ನೂ ಮುಂದೆ ಹೋದರು. ಪ್ರತಿ ಸಂಸ್ಕೃತಿಗೂ ಒಂದು ರಿಲಿಜನ್ ಇರಲೇಬೇಕು ಎಂಬುದು ಕ್ರೈಸ್ತ ಯುರೋಪಿನ ಊಹೆ. ನಮ್ಮಲ್ಲಿರುವುದು ಆಚರಣೆಗಳ ಪರಂಪರೆ, ಸಿದ್ಧಾಂತದಿಂದ ನಡೆಯುವ ರಿಲಿಜನ್ ಅಲ್ಲ ಎಂಬುದು ಅವರ ವಾದ.

ದುಬ್ವಾನಿಂದ ವೆಬರ್‌ವರೆಗಿನ ದಾರಿ ಎಲ್ಲಿ ತಪ್ಪಿತು ಎಂದು ಈ ವಾದ ಚೆನ್ನಾಗಿ ತೋರಿಸುತ್ತದೆ. ಮತಗ್ರಂಥ ಮೊದಲು, ನಡತೆ ಆಮೇಲೆ ಎಂಬ ಅವರ ಕ್ರಮವೇ ಯುರೋಪಿನದು. ಆದರೆ ಆಚರಣೆಗೆ ತಾತ್ವಿಕ ತಳಹದಿ ಇಲ್ಲವೆಂದರೆ ಆಚರಣೆಯೊಳಗಿನ ಅನ್ಯಾಯಕ್ಕೂ ಹೊಣೆಗಾರರು ಇಲ್ಲದಂತಾಗುತ್ತದೆ. ಧರ್ಮಶಾಸ್ತ್ರಗಳನ್ನು ಎದುರಿಟ್ಟುಕೊಂಡು ದಂಡನೆ ವಿಧಿಸಿದವರಿದ್ದರು. ಅವುಗಳ ವಿರುದ್ಧವೇ ವಾದಿಸಿ ಹೊರಬಂದವರೂ ಇದ್ದರು. ಇಬ್ಬರೂ ವಿಚಾರಕ್ಕೆ ಬೆಲೆ ಕೊಟ್ಟವರೇ.

ದಂಡಿನ ಬೀದಿಗಳಿಂದ ಒಂದು ನಿಲುವು

ಈಗ ಇವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡೋಣ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ ಯಾವ ಶಾಸ್ತ್ರದಲ್ಲೂ ಇಲ್ಲದ ಪ್ಲೇಗಮ್ಮನಿಗೆ ಗುಡಿಗಳು ಎದ್ದವು. ರೋಗಕ್ಕೆ ಅಮ್ಮನಿದ್ದಾಳೆ, ಅವಳನ್ನು ತಣಿಸಬೇಕು ಎಂಬ ಹಳೆಯ ಚೌಕಟ್ಟಿನೊಳಗೆ ಹೊಸ ರೋಗ ಬಂದು ಕೂತಿತು. ಶಿವಾಜಿನಗರದ ಮೇರಿ, ಆರೋಗ್ಯ ಮಾತೆಯಾಗಿ, ಸೀರೆಯುಟ್ಟು, ಸೆಪ್ಟೆಂಬರ್ 8ರಂದು ತೇರಿನಲ್ಲಿ ಬೀದಿಗೆ ಬರುವುದೂ ಇದೇ ಚೌಕಟ್ಟಿನಲ್ಲಿ. ಹಲಸೂರಿನಲ್ಲಿ ಬೇಸಗೆಯ ರಾತ್ರಿ ಹಲವು ಗುಡಿಗಳ ಹೂವಿನ ಪಲ್ಲಕ್ಕಿಗಳು ಹೊರಟು ಒಂದೆಡೆ ಸೇರುವುದಕ್ಕೂ ಆ ತೇರಿಗೂ ಇರುವ ಹೋಲಿಕೆ ಸಿದ್ಧಾಂತದ್ದಲ್ಲ. ದೇವರು ಗುಡಿಯಿಂದ ಹೊರಗೆ ಬಂದು ತನ್ನ ಸೀಮೆಯನ್ನು ನೋಡಬೇಕು, ಆ ದಿನ ಕೇರಿಯವರೆಲ್ಲ ಒಂದಾಗಬೇಕು ಎಂಬ ಕ್ರಮ ಅದು. ಅದೇ ರೀತಿ ಚರ್ಚುಗಳೊಳಗೂ ಜಾತಿ ಉಳಿದುಕೊಂಡದ್ದನ್ನು ದಲಿತ ಕ್ರೈಸ್ತರು ಹೇಳುತ್ತಲೇ ಬಂದಿದ್ದಾರೆ. ಸಿದ್ಧಾಂತ ಪೂರ್ತಿ ಬದಲಾದರೂ ಸಂಸ್ಥೆ ಉಳಿದರೆ ನಡತೆ ಉಳಿಯುತ್ತದೆ, ಒಳ್ಳೆಯದೂ ಕೆಟ್ಟದ್ದೂ.

ಸಂಸ್ಥೆಗಳೂ ವಿಚಾರಗಳಿಂದಲೇ ಹುಟ್ಟಿದವಲ್ಲವೇ ಎಂದು ಕೇಳಬಹುದು. ಹೌದು, ಪುಣ್ಯದ ಕಲ್ಪನೆ ಇಲ್ಲದೆ ಕಾಡುಗೋಡಿಯ ಶಾಸನ ಹುಟ್ಟುತ್ತಿರಲಿಲ್ಲ. ಆದರೆ ಹುಟ್ಟಿದ ಮೇಲೆ ಸಂಸ್ಥೆ ವಿಚಾರವನ್ನು ಆಯ್ದುಕೊಳ್ಳುತ್ತದೆ, ತಿರುಚುತ್ತದೆ, ಕೆಲವೊಮ್ಮೆ ಮೂಲೆಗೆ ತಳ್ಳುತ್ತದೆ. ಹಲಸೂರು ಕೆರೆಯ ದಡದ ತಿರುವಳ್ಳುವರ್ ಪ್ರತಿಮೆ ಇದಕ್ಕೆ ಒಳ್ಳೆಯ ಉದಾಹರಣೆ. ವಳ್ಳುವರ್ ತಮ್ಮವರೆಂದು ಜೈನರೂ ಶೈವರೂ ಹೇಳಿಕೊಂಡಿದ್ದಾರೆ. 1870ರ ದಶಕದಲ್ಲಿ ದಂಡಿನ ಬಿಷಪ್ ಕಾಟನ್ ಶಾಲೆಯ ಮುಖ್ಯಸ್ಥರಾಗಿದ್ದ, 1886ರಲ್ಲಿ ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಜಿ. ಯು. ಪೋಪ್ ಅದರಲ್ಲಿ ಕ್ರೈಸ್ತ ಪ್ರಭಾವ ಕಂಡರು. ಆ ಕವಿಯ ಪ್ರತಿಮೆ ಭಾಷೆಗಳ ಜಗಳದಿಂದಾಗಿ 18 ವರ್ಷ ಮುಸುಕಿನೊಳಗಿದ್ದು, 2009ರ ಆಗಸ್ಟ್ 9ರಂದು ಅನಾವರಣಗೊಂಡಿತು. ನಾಲ್ಕು ದಿನದ ನಂತರ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಎದ್ದಿತು. ಅಷ್ಟು ವರ್ಷ ಆ ಕವಿಯ ನೀತಿಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅದನ್ನು ಹಿಡಿದುಕೊಂಡ ಸಂಸ್ಥೆಗಳು ಬದಲಾದಾಗ ಅದರ ಫಲ ಬದಲಾಯಿತು. ಇನ್ನೂರು ವರ್ಷದ ಪಟ್ಟಣದಿಂದ ಪ್ರಾಚೀನತೆಯ ಬಗ್ಗೆ ಏನು ಹೇಳಲಾದೀತು ಎಂಬ ಆಕ್ಷೇಪಕ್ಕೂ ಇದೇ ಉತ್ತರ: ಪ್ರಾಚೀನವಾದದ್ದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದರೆ ಅದನ್ನು ಜನ ಮತ್ತೆ ಕಟ್ಟುವಾಗ ನೋಡಬೇಕು.

ತೀರ್ಮಾನವಾಗದೆ ಉಳಿದವು

ಇಷ್ಟಾದರೂ ಕೆಲವು ಗಂಟುಗಳು ಬಿಚ್ಚಿಲ್ಲ. ಮೊದಲನೆಯದು, ಕರ್ಮದ ನಂಬಿಕೆ ಜನರ ದಿನನಿತ್ಯದ ನಿರ್ಧಾರಗಳನ್ನು ಎಷ್ಟರಮಟ್ಟಿಗೆ ನಡೆಸುತ್ತದೆ ಎಂಬುದು. ಬಾಯಿಮಾತಿನಲ್ಲಿ ಹಣೆಬರಹ ಎನ್ನುವವರೇ ಮಕ್ಕಳ ಓದಿಗಾಗಿ ಸಾಲ ಮಾಡಿ ಹೆಣಗುತ್ತಾರೆ; ನಂಬಿಕೆ ಸೋತ ಮೇಲಿನ ಸಮಾಧಾನವೋ, ಮೊದಲಿನ ಪ್ರೇರಣೆಯೋ ಎಂಬುದಕ್ಕೆ ಗಟ್ಟಿ ಉತ್ತರವಿಲ್ಲ. ಎರಡನೆಯದು, ಜಾತಿಯನ್ನು ಶಾಸ್ತ್ರ ಹುಟ್ಟಿಸಿತೋ, ಇದ್ದ ಜಾತಿಗೆ ಶಾಸ್ತ್ರ ಸಮರ್ಥನೆ ಒದಗಿಸಿತೋ ಎಂಬುದು; ಇದರ ಮೇಲೆ ಅಂಬೇಡ್ಕರರಿಂದ ಬಾಲಗಂಗಾಧರರವರೆಗಿನ ಎಲ್ಲ ವಾದಗಳೂ ನಿಂತಿವೆ. ಮೂರನೆಯದು, ಗಂಗರ ಕಾಲದಲ್ಲಿ ಈ ನಾಡಿನಲ್ಲಿ ಬಲವಾಗಿದ್ದ ಜೈನ ಧರ್ಮದ ಪಾಲು. ಇಲ್ಲಿಯ ಜನರ ಆಹಾರದಲ್ಲಿ, ದಾನದ ರೂಢಿಯಲ್ಲಿ ಅದರ ಉಳಿಕೆ ಎಷ್ಟು ಎಂಬ ಅಧ್ಯಯನ ಇನ್ನಷ್ಟು ನಡೆಯಬೇಕು. ನಾಲ್ಕನೆಯದು ಹೆಣ್ಣಿನದು. ಸ್ವಭಾವದ ಕುರಿತು ಬರೆದವರಲ್ಲಿ ಹೆಚ್ಚಿನವರು ಗಂಡಸರು, ಅವರ ಎದುರಿದ್ದ ಗ್ರಂಥಗಳು ಗಂಡಸರವು. ಹರಕೆ, ವ್ರತ, ಬಾಣಂತನ, ಅಡುಗೆಮನೆಯ ಮಡಿಗಳ ಮೂಲಕ ಪರಂಪರೆಯನ್ನು ಮುಂದಿನ ತಲೆಮಾರಿಗೆ ದಾಟಿಸಿದವರ ಕಡೆಯಿಂದ ಈ ಇತಿಹಾಸವನ್ನು ಬರೆದರೆ ಮೇಲಿನ ಪಂಥಗಳಲ್ಲಿ ಯಾವುದು ಉಳಿಯುತ್ತದೆ ಎಂದು ಹೇಳಲಾಗದು.

ಕೊನೆಯದು ಇಂದಿನದು. ಇಂದಿರಾನಗರದ ಯೋಗಶಾಲೆಗಳಲ್ಲಿ, ಕೃಷ್ಣರಾಜಪುರದಾಚೆಯ ಅಪಾರ್ಟ್‌ಮೆಂಟುಗಳ ಗಣಪತಿ ಪೆಂಡಾಲುಗಳಲ್ಲಿ ಹೊಸ ಸಂಸ್ಥೆಗಳು ರೂಪುಗೊಳ್ಳುತ್ತಿವೆ. ಅಲ್ಲಿಗೆ ಬರುವವರೂ 1809ರ ವಲಸಿಗರ ಹಾಗೆ ಊರು ಬಿಟ್ಟು ಬಂದವರು. ಹಳೆಯ ದತ್ತಿ ಶಾಲೆ ಕಟ್ಟಿತು, ಆಸ್ಪತ್ರೆ ಕಟ್ಟಿತು. ಹಳೆಯ ಮೆರವಣಿಗೆ ದರ್ಗಾದೆದುರು ನಿಂತಿತು. ಹಳೆಯ ಗುಡಿ ನಂದನಾರನ ಕುಲವನ್ನು ಹೊರಗಿಟ್ಟಿತು. ಗೇಟು ಹಾಕಿದ ವಸತಿಗಳ ಈ ಹೊಸ ಸಂಸ್ಥೆಗಳು ಈ ಮೂರರಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತವೆ, ಯಾವುದನ್ನು ಬಿಡುತ್ತವೆ ಎಂಬುದು ಇನ್ನೂ ನಿಶ್ಚಯವಾಗಿಲ್ಲ. ಮನೆಗೆಲಸಕ್ಕೂ ಕಾವಲಿಗೂ ಬರುವವರು ಆ ಪೂಜೆಯಲ್ಲಿ ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಗಮನಿಸುವ ಅಧ್ಯಯನವೇ ಈ ಪ್ರಶ್ನೆಯನ್ನು ಮುಂದಕ್ಕೆ ಒಯ್ಯಬಲ್ಲದು.